ಮೂರನೆಯ ಚೌಕದಲ್ಲಿ ಕೂತವಳು

ಹೋದ ವಾರ ಹಿತ್ತಲ ಮೆಟ್ಟಿಲಲ್ಲಿ ನನ್ನ ಕಾಲು ಹೊರಳಿತು. ಇವರು ಮೆಡಿಕಲ್ ಸ್ಟೋರಿನಿಂದ ನೋವಿನ ಸ್ಪ್ರೇ ತಂದು, ನಾನು ಬೇಡವೆನ್ನುವಷ್ಟರಲ್ಲಿ ಪಾದದ ಗಂಟಿಗೆ ಹೊಡೆದೇಬಿಟ್ಟರು. ತಣ್ಣಗೆ ಕಚ್ಚುವ ಆ ಘಾಟು ಮೂಗಿಗೆ ಬಡಿದ ಕೂಡಲೇ ನೋವು ಮರೆತು ಹನ್ನೆರಡು ಹುಡುಗಿಯರು ನೆನಪಾದರು. ನಮ್ಮ ಹಿಂಬಾಗಿಲ ಜಗಲಿಯ ಮೇಲೆ ಸಾಲಾಗಿ ಕೂತು, ಒಬ್ಬಳ ಕೈಯಿಂದ ಒಬ್ಬಳು ಸ್ಪ್ರೇ ಡಬ್ಬಿ ಕಿತ್ತುಕೊಂಡು ಮಂಡಿಗೆ ಹೊಡೆದುಕೊಳ್ಳುತ್ತಿದ್ದ ಹುಡುಗಿಯರು. ಸಾಲಿನ ಕೊನೆಯಲ್ಲಿ ಚೈತ್ರಾ. ಡಬ್ಬಿ ಅವಳ ಸರದಿಗೆ ಬರುವಷ್ಟರಲ್ಲಿ "ಖಾಲಿ ಆಯ್ತು ಕಣೇ" ಅನ್ನುತ್ತಿದ್ದರು. ಖಾಲಿಯಾಗಿರಲಿಲ್ಲ. ಅವರೆಲ್ಲ ಹೋದ ಮೇಲೆ ನಾನೇ ಎತ್ತಿ ಅಲ್ಲಾಡಿಸಿ ನೋಡಿದ್ದೆ. ನೋಡಿ, ಇದ್ದಲ್ಲೇ ಇಟ್ಟು ಒಳಗೆ ಹೋಗಿದ್ದೆ.

ಇದು ಮೂರು ವರ್ಷದ ಹಿಂದಿನ ಮಾತು. ದಸರಾ ಮುಗಿದು ದೊಡ್ಡಬಳ್ಳಾಪುರದ ಮೇಲೆ ಬೆಳಗಿನ ಮಂಜು ಇಳಿಯಲು ಶುರುವಾದಾಗಿನಿಂದ ಸಂಕ್ರಾಂತಿಯವರೆಗೆ. ಮಗಳು ಹರ್ಷಿತಾ ಆಗ ಡಿಗ್ರಿ ಎರಡನೆಯ ವರ್ಷ, ಕಾಲೇಜಿನ ಖೋ ಖೋ ತಂಡದಲ್ಲಿದ್ದಳು. ಕಾಲೇಜಿನ ಆಟದ ಮೈದಾನ ನಮ್ಮ ಮನೆಯ ಬೆನ್ನಿಗೇ ಇದೆ. ಹಿತ್ತಲ ಗೇಟು ತೆಗೆದರೆ ಮೈದಾನ. ಬೆಳಗ್ಗೆ ಆರಕ್ಕೆ ವಿಷಲ್ ಕೇಳುತ್ತಿತ್ತು. ಪಕ್ಕದ ಬೀದಿಯ ಮಗ್ಗಗಳು ಆಗಲೇ ಟಕಟಕ ಹಿಡಿದಿರುತ್ತಿದ್ದವು. ಅವರೆಕಾಯಿ ಕಾಲ, ನಾನು ಜಗಲಿಯಲ್ಲಿ ಕಾಯಿ ಸುಲಿಯುತ್ತಾ ಆಟ ನೋಡುತ್ತಿದ್ದೆ.

ಒಂದು ದಿನ ದೈಹಿಕ ಶಿಕ್ಷಣದ ಮೇಷ್ಟ್ರು, ಮಕ್ಕಳ ಬಾಯಲ್ಲಿ ಪಿ.ಡಿ. ಸರ್, ಗೇಟಿನ ಬಳಿ ಬಂದು ನಿಂತರು.

"ಅಕ್ಕ, ಗ್ರೌಂಡಲ್ಲಿ ನಲ್ಲಿ ಇಲ್ಲ. ಟೂರ್ನಮೆಂಟ್ ಮುಗಿಯೋಗಂಟ ಮಕ್ಳಿಗೆ ಒಂದು ಬಿಂದಿಗೆ ನೀರು ಇಡ್ತೀರಾ?"

"ಅದಕ್ಕೇನ್ ಸಾರ್, ನಮ್ಮ ಹುಡುಗೀನೂ ಆಡ್ತಾಳಲ್ಲ. ರಾಗಿ ಗಂಜೀನೂ ಮಾಡ್ತೀನಿ ಬಿಡಿ."

ಮೊದಲ ದಿನ ಗಂಜಿ ಕೊಟ್ಟದ್ದು ಸ್ಟೀಲ್ ಲೋಟದಲ್ಲಿ. ನನ್ನ ತವರು ಅರಿಶಿನಕುಂಟೆ. ಮದುವೆಯಲ್ಲಿ ತವರಿನವರು ನನ್ನ ಹೆಸರು ಕೊರೆಸಿ ಕೊಟ್ಟ ಹದಿನೆಂಟು ಲೋಟಗಳು. ಚೈತ್ರಾಳನ್ನು ನಾನು ಗಮನಿಸಿದ್ದು ಅವಳ ಜಡೆಯಿಂದ. ಮಡಿಸಿ ಕಟ್ಟಿದ ಉದ್ದ ಜಡೆಗೆ ರಿಬ್ಬನ್ ಇರಲಿಲ್ಲ, ಹೊಳೆಯುವ ನೂಲಿನ ಎಳೆಗಳು ಸುತ್ತಿದ್ದವು. ಅವಳ ತಾಯಿ ಪವರ್‌ಲೂಮಿನಲ್ಲಿ ನೂಲು ಸುತ್ತುವ ಕೆಲಸಕ್ಕೆ ಹೋಗುತ್ತಿದ್ದರು. ಉಳಿದ ತುಂಡು ನೂಲು ಮಗಳ ಜಡೆಗೆ. ಆ ವಾರ ಮಗ್ಗದ ಮೇಲೆ ಯಾವ ಬಣ್ಣದ ಸೀರೆ ಎಂಬುದು ಇವಳ ಜಡೆ ನೋಡಿದರೆ ತಿಳಿಯುತ್ತಿತ್ತು. ಗಂಜಿ ಕುಡಿದು, ಲೋಟದ ಮೇಲಿನ ಹೆಸರು ಬೆರಳಲ್ಲಿ ಸವರಿ, "ಆಂಟಿ, ಇದು ನಿಮ್ಮ ಹೆಸರಾ? ಚೆನ್ನಾಗಿದೆ," ಅಂದಳು. ನನ್ನ ಹೆಸರು ಹಾಗೆ ಓದಿದವರು ಈ ಮನೆಯಲ್ಲಿ ಯಾರೂ ಇರಲಿಲ್ಲ.

ಮಕ್ಕಳು ಹೋದ ಮೇಲೆ ಅತ್ತೆ ಕೇಳಿದರು, "ಆ ಉದ್ದ ಜಡೆ ಹುಡ್ಗಿ ಯಾರ ಪೈಕಿ?"

"ರಾಜಘಟ್ಟದ ಕಡೆಯವಳಂತೆ ಅತ್ತೆ."

"ಕಡೆ ಅಂದ್ರೆ? ಊರೊಳ್ಗೋ, ಊರಾಚ್ಗೋ?"

ನನಗೆ ಗೊತ್ತಿತ್ತು. ಆ ಬೆಳಗ್ಗೆಯೇ ಸ್ಕಾಲರ್‌ಶಿಪ್ಪಿನ ಅರ್ಜಿ ತುಂಬಲು ಬಾರದೆ ಅವಳು ನನ್ನ ಹತ್ತಿರ ತಂದಿದ್ದಳು, ಜಾತಿಯ ಕಾಲಮ್ಮನ್ನು ನಾನೇ ತುಂಬಿದ್ದೆ. ನಾನು ಸುಮ್ಮನಿದ್ದೆ, ಅತ್ತೆಗೆ ಅಷ್ಟು ಸಾಕಾಯಿತು. ಅವಳು ಕುಡಿದ ಲೋಟವನ್ನು ಕಡ್ಡಿಯಲ್ಲಿ ತಳ್ಳಿ ಬಟ್ಟೆ ಒಗೆಯುವ ಕಲ್ಲಿನ ಕೆಳಗೆ ಸರಿಸಿದರು.

"ನಾನೇನ್ ಬರ್ಬ್ಯಾಡ ಅಂದ್ನಾ? ಬರ್ಲಿ, ಕುಡೀಲಿ, ಪಾಪ, ಬಾಯಾರಿರ್ತದೆ. ಲೋಟ ಮಾತ್ರ ಬ್ಯಾರೆ ಮಡಗು ಅಂದೆ."

ಅತ್ತೆ ಕೆಟ್ಟವರಲ್ಲ ಎಂದು ಬರೆಯಲು ಕೈ ಹೋಗುತ್ತಿದೆ. ಅವರು ಕೆಟ್ಟವರಲ್ಲ ಎಂದು ನಾನು ಎಷ್ಟು ಸಲ ಹೇಳಿಕೊಂಡೆನೋ ಅಷ್ಟೂ ಸಲ ಆ ಹುಡುಗಿಗೆ ಒಂದೊಂದು ಬಾಗಿಲು ಮುಚ್ಚಿತು ಅನ್ನಿಸುತ್ತದೆ. ಆ ಮಧ್ಯಾಹ್ನ ಅತ್ತೆ ಮಲಗಿದಾಗ ನಾನು ಆ ಲೋಟ ತೊಳೆದು ತಂದು ಉಳಿದವುಗಳ ಜೊತೆ ಸೇರಿಸಿದೆ. ಕದ್ದು ಮಾಡಿದ ಈ ಕೆಲಸದಿಂದ ನನ್ನ ಬಗ್ಗೆ ನನಗೇ ಒಳ್ಳೆಯ ಅಭಿಪ್ರಾಯ ಬಂತು. ಸಂಜೆ ಪೇಟೆಗೆ ಹೋಗಿ ಪೇಪರ್ ಲೋಟಗಳ ದೊಡ್ಡ ಕಟ್ಟು ತಂದೆ. ನಾಳೆಯಿಂದ ಎಲ್ಲರಿಗೂ ಪೇಪರ್ ಲೋಟ. ಅತ್ತೆಗೂ ನೋವಿಲ್ಲ, ಆ ಹುಡುಗಿಗೂ ನೋವಿಲ್ಲ. ಕೊಟ್ಟರೆ ಎಲ್ಲರಿಗೂ ಒಂದೇ ಥರ ಕೊಡಬೇಕು ಎಂದು ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್ ಚಾಕೊಲೇಟ್ ಹಂಚುವಾಗ ಹೇಳುತ್ತಿದ್ದದ್ದೂ ನೆನಪಾಯಿತು. ಅತ್ತೆ ಕಟ್ಟನ್ನು ಕೈಯಲ್ಲಿ ತೂಗಿ ನೋಡಿ, "ಜಾಣೆ ಕಣಮ್ಮ ನೀನು," ಅಂದರು. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಅವರು ನನಗೆ ಹಾಗಂದದ್ದು ಅದೇ ಮೊದಲು.

ಮರುದಿನ ಹುಡುಗಿಯೊಬ್ಬಳು ಕೇಳಿದಳು, "ಆಂಟಿ, ನೆನ್ನೆ ಸ್ಟೀಲ್ ಲೋಟ ಇತ್ತಲ್ಲ?"

"ತೊಳೆಯೋಕಾಗಲ್ಲಮ್ಮ, ಸೊಂಟ ನೋವು."

ಹರ್ಷಿತಾ ನನ್ನ ಮುಖ ನೋಡಿದಳು. ಅವಳಿಗೆ ನನ್ನ ಸೊಂಟದ ವಿಷಯ ಗೊತ್ತಿತ್ತು, ಅಜ್ಜಿಯ ವಿಷಯವೂ ಗೊತ್ತಿತ್ತು. ಒಳಗೆ ಬಂದು ತನ್ನ ಎಂದಿನ ಸ್ಟೀಲ್ ಲೋಟದಲ್ಲಿ ಗಂಜಿ ಬಗ್ಗಿಸಿಕೊಂಡು ಕುಡಿದು ಹೋದಳು. ಚೈತ್ರಾ ಪೇಪರ್ ಲೋಟವನ್ನು ಒಮ್ಮೆ ತಿರುಗಿಸಿ ನೋಡಿ ಕುಡಿದಳು.

ಅದೇ ವಾರ ಪಿ.ಡಿ. ಸರ್ ಚೈತ್ರಾಳನ್ನು ಕ್ಯಾಪ್ಟನ್ ಮಾಡಿದರು. ಹರ್ಷಿತಾ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಖೋ ಖೋ ಗೊತ್ತಿಲ್ಲದವರಿಗೆ ಒಂದು ಮಾತು. ಅಂಕಣದ ನಡುವೆ ಎಂಟು ಚೌಕ, ಎಂಟು ಜನ ಕೂತಿರುತ್ತಾರೆ. ಒಬ್ಬಳು ಈ ಕಡೆಗೆ ಮುಖ ಮಾಡಿದರೆ ಮುಂದಿನವಳು ಆ ಕಡೆಗೆ. ಒಂಬತ್ತನೆಯವಳು ಎದುರಾಳಿಯನ್ನು ಅಟ್ಟಿಸಿಕೊಂಡು ಹೋಗಬೇಕು. ನಡುಗೆರೆ ದಾಟುವಂತಿಲ್ಲ, ಎದುರಾಳಿ ಆಚೆಗೆ ನುಸುಳಿದರೆ ಕೂತವಳ ಬೆನ್ನು ಮುಟ್ಟಿ "ಖೋ" ಅನ್ನಬೇಕು. ಆಗ ಅವಳು ಎದ್ದು ಓಡುತ್ತಾಳೆ, ಇವಳು ಅವಳ ಜಾಗದಲ್ಲಿ ಕೂರುತ್ತಾಳೆ. ಯಾರೂ ತಾನಾಗಿ ಏಳುವಂತಿಲ್ಲ. ಬೆನ್ನಿನ ಮೇಲೆ ಕೈ ಬೀಳಬೇಕು.

ಚೈತ್ರಾಳಿಗೆ ಸರ್ ಕೊಟ್ಟಿದ್ದು ಮೂರನೆಯ ಚೌಕ. ಎದ್ದಳೆಂದರೆ ಬಾಣ, ಎರಡು ಹೆಜ್ಜೆಯಲ್ಲಿ ಮುಟ್ಟಿಬಿಡುತ್ತಿದ್ದಳು. ದೀಪಾವಳಿ ಕಳೆಯುತ್ತಿದ್ದಂತೆ ನನ್ನ ಕಣ್ಣಿಗೆ ಒಂದು ಸಂಗತಿ ಬೀಳತೊಡಗಿತು: ಅವಳು ಏಳುತ್ತಿರಲಿಲ್ಲ. ಅಟ್ಟುವವಳು ಓಡಿ ಬರುತ್ತಾಳೆ, ಮೂರನೆಯ ಚೌಕದ ಬೆನ್ನು ಎದುರಿಗೇ ಇದೆ, ಅದನ್ನು ಬಿಟ್ಟು ಐದನೆಯದಕ್ಕೆ ಹೋಗಿ "ಖೋ" ಅನ್ನುತ್ತಾಳೆ. ಒಂದು ಸಲವಲ್ಲ. ಪಿ.ಡಿ. ಸರ್ ಕಂಬದ ಬಳಿ ನಿಂತು ಓಡುವವರ ಕಾಲು ನೋಡುತ್ತಿದ್ದರು. ಕೂತವರನ್ನು ನೋಡುತ್ತಿದ್ದವಳು ನಾನೊಬ್ಬಳೇ. ಚೈತ್ರಾ ಬೆರಳ ತುದಿ ನೆಲಕ್ಕೂರಿ, ಹಿಮ್ಮಡಿ ಎತ್ತಿ, ಬೆನ್ನನ್ನು ಒಂಚೂರು ಹಿಂದಕ್ಕೆ ಒಡ್ಡಿ ಕಾಯುತ್ತಿದ್ದಳು. ಆಟ ಮುಗಿದು ಎದ್ದಾಗ ಅವಳ ಕಾಲು ಜೋಮು ಹಿಡಿದಿರುತ್ತಿತ್ತು.

ಒಂದು ಬೆಳಗ್ಗೆ ದೋಸೆ ಹಾಕುತ್ತಾ ಮಗಳನ್ನು ಕೇಳಿದೆ, "ಚೈತ್ರಂಗೆ ಯಾಕೆ ಖೋ ಕೊಡಲ್ಲ ನೀವು?"

"ಅಮ್ಮ, ನಿಂಗ್ ಗೇಮ್ ಅರ್ಥ ಆಗಲ್ಲ. ಅದು ಸ್ಟ್ರಾಟಜಿ. ಇನ್ನೊಂದ್ ದೋಸೆ ಹಾಕು."

ನನಗೆ ಸಮಾಧಾನವಾಯಿತು. ಸಮಾಧಾನವಾಗಲೆಂದೇ ಕೇಳಿದ್ದೆ.

ಅಂತರ ಕಾಲೇಜು ಪಂದ್ಯ ಹೊಸಕೋಟೆಯ ಒಂದು ಕಾಲೇಜಿನಲ್ಲಿತ್ತು. ಹೆಣ್ಣುಮಕ್ಕಳ ಜೊತೆ ಹೋಗಬೇಕಾಗಿದ್ದ ಲೆಕ್ಚರರ್ ರಜೆ ಹಾಕಿದ್ದರಿಂದ ಸರ್ ನನ್ನನ್ನೇ ಕರೆದರು. ಚಿತ್ರಾನ್ನದ ಡಬ್ಬಿ, ನೀರಿನ ಕ್ಯಾನು, ಪೇಪರ್ ಲೋಟದ ಕಟ್ಟು ಹಿಡಿದು ಬಸ್ಸು ಹತ್ತಿದೆ. ಚೈತ್ರಾ ನನ್ನ ಪಕ್ಕ ಕೂತಳು. ಆ ದಿನ ಜಡೆಗೆ ಮೆಜೆಂತಾ ನೂಲು.

"ಆಂಟಿ, ಯೂನಿವರ್ಸಿಟಿ ಟೀಮಿಗೆ ಇವತ್ತೇ ಆರಿಸ್ತಾರಂತೆ. ಈ ಸಲ ಅವ್ರಿಗೆ ಅಟ್ಟೋರು ಬೇಕಂತೆ, ಸರ್ ಹೇಳಿದ್ರು. ಅದೊಂದು ಸರ್ಟಿಫಿಕೇಟ್ ಇದ್ರೆ ಮುಂದೆ ಬಿ.ಪಿ.ಇಡಿ. ಸೀಟು ಸಿಗುತ್ತೆ. ನಾನೂ ಪಿ.ಡಿ. ಆಗ್ಬೋದು."

"ವಿಷಲ್ ಊದ್ಕೊಂಡು?"

"ಊದ್ಕೊಂಡೇ. ನಿಮ್ಮನೆ ಹಿಂದೇನೇ ಬಂದು ಊದ್ತೀನಿ, ನಿಮ್ ನಿದ್ದೆ ಹಾಳ್ಮಾಡ್ತೀನಿ."

ಇಬ್ಬರೂ ನಕ್ಕೆವು. ಅವಳು ಖುಷಿಯಾಗಿ ನಕ್ಕದ್ದನ್ನು ನಾನು ನೋಡಿದ್ದು ಅದೇ ಕೊನೆ.

ನೆರಳಿನಲ್ಲಿ ಮೂವರು ಆಯ್ಕೆಗಾರರು ಕುರ್ಚಿ ಹಾಕಿಕೊಂಡು ಕೂತಿದ್ದರು, ಮಡಿಲಲ್ಲಿ ಹಾಳೆ. ಪಂದ್ಯದ ಕೊನೆಯ ಸರದಿ ನಮ್ಮವರು ಅಟ್ಟುವುದು. ಇನ್ನೊಬ್ಬಳನ್ನು ಮುಟ್ಟಿದರೆ ಪಾಯಿಂಟು ಸಮ, ಸೋಲು ತಪ್ಪುತ್ತದೆ. ಅಟ್ಟುತ್ತಿದ್ದವಳು ಹರ್ಷಿತಾ. ಎದುರಾಳಿ ಹುಡುಗಿ ನಡುಗೆರೆ ನುಸುಳಿ ಸರಿಯಾಗಿ ಮೂರನೆಯ ಚೌಕದ ಮುಂದೆ ತಡವರಿಸಿ ನಿಂತಳು. ಚೈತ್ರಾ ಎದ್ದರೆ ಒಂದು ಹೆಜ್ಜೆ, ಒಂದು ಕೈ. ಮೈದಾನವೇ "ಮೂರು, ಮೂರು" ಎಂದು ಕೂಗಿತು. ಹರ್ಷಿತಾಳ ಕೈ ಎದ್ದದ್ದನ್ನು ನಾನು ನೋಡಿದೆ. ಆ ಬೆನ್ನಿನ ಹತ್ತಿರಕ್ಕೆ ಹೋಗಿ, ಅಲ್ಲಿ ಮಡಚಿಕೊಂಡು, ಅವಳು ಮುಂದಕ್ಕೆ ಓಡಿ ಐದನೆಯವಳಿಗೆ "ಖೋ" ಅಂದಳು. ಅಷ್ಟರಲ್ಲಿ ಆ ಹುಡುಗಿ ಕಂಬ ಸುತ್ತಿ ಹೋಗಿಯಾಗಿತ್ತು. ವಿಷಲ್ ಆಯಿತು. ಒಂದು ಪಾಯಿಂಟಿನಲ್ಲಿ ಸೋತೆವು.

ಸಂಜೆ ಆಯ್ಕೆಯ ಪಟ್ಟಿ ಓದಿದರು. ನಮ್ಮ ಕಾಲೇಜಿನಿಂದ ಒಂದೇ ಹೆಸರು, ಹರ್ಷಿತಾ. ನಾನು ಚಪ್ಪಾಳೆ ತಟ್ಟಿದೆ. ತಾಯಿ ಕೈ, ತಟ್ಟಿತು.

ಹಿಂದಿರುಗುವ ಬಸ್ಸಿನಲ್ಲಿ ಚೈತ್ರಾ ನನ್ನ ಪಕ್ಕ ಕೂರಲಿಲ್ಲ. ನಿಂತೇ ಬಂದಳು. ಸ್ವಲ್ಪ ದೂರ ಬಂದ ಮೇಲೆ ಹರ್ಷಿತಾಳ ಸೀಟಿನ ಬಳಿ ಹೋಗಿ ಕೇಳಿದಳು, "ಯಾಕೆ ಕೊಡ್ಲಿಲ್ಲ?"

"ಕಾಣ್ಲಿಲ್ಲ."

"ಬೆನ್ನು ಕಾಣ್ಲಿಲ್ವಾ? ಒಂದು ತಿಂಗ್ಳಿಂದ್ಲೂ ಕಾಣ್ಲಿಲ್ವಾ?"

ಹಿಂದಿನ ಸೀಟಿನಿಂದ ಯಾರೋ ಅಂದರು, "ಬಿಡ್ರೇ, ಪೇಪರ್ ಲೋಟಕ್ಕೆ ಬೇಜಾರಾಯ್ತು."

ಎರಡು ಮೂರು ಜನ ನಕ್ಕರು. ನಗು ಹಳೆಯದು, ಆಡಿ ಆಡಿ ಸವೆದ ಹೆಸರಿನ ನಗು. ನನಗೆ ಮಾತ್ರ ಅದು ಹೊಸದು. ನನ್ನ ಕಾಲ ಬಳಿ ಚೀಲದಲ್ಲಿ ಉಳಿದ ಲೋಟಗಳು ಬಸ್ಸು ಕುಲುಕಿದಾಗಲೆಲ್ಲ ಸರಬರ ಅನ್ನುತ್ತಿದ್ದವು. ಕಾಲಿನಿಂದ ಚೀಲವನ್ನು ಸೀಟಿನ ಕೆಳಕ್ಕೆ ತಳ್ಳಿದೆ.

ಮನೆಗೆ ಬಂದು ಕೇಳಿದಾಗ ಹರ್ಷಿತಾ ಮೊದಲು ರೇಗಿದಳು, ಆಮೇಲೆ ಅತ್ತಳು. "ನಾನೇನ್ ಹೇಳ್ಕೊಂಡ್ ಬರ್ಲಿಲ್ಲ. ಲೋಟ ಯಾಕ್ ಚೇಂಜ್ ಆಯ್ತು ಅಂತ ಅವ್ರೇ ಕೇಳಿದ್ರು. ಚೈತ್ರ ಕುಡಿದ್ ಲೋಟ ನಮ್ಮಜ್ಜಿ ಮುಟ್ಟಲ್ಲ ಅಂದೆ, ಅಷ್ಟೆ. ಅದಕ್ಕೂ ಮುಂಚೆ ಅವಳು ಯಾರು ಅಂತ ಯಾರಿಗ್ ಗೊತ್ತಿತ್ತಮ್ಮ? ಯಾರೂ ಕೇಳೂ ಇರ್ಲಿಲ್ಲ."

ಯಾರೂ ಕೇಳಿರಲಿಲ್ಲ. ಉತ್ತರವನ್ನು ಕಟ್ಟುಗಟ್ಟಲೆ ತಂದು ಹಂಚಿದವಳು ನಾನು.

ಚೈತ್ರಾ ಕಾಲೇಜಿಗೆ ಒಂದು ಪುಟದ ದೂರು ಕೊಟ್ಟಳು. ತನಗೆ ಖೋ ಕೊಡುವುದಿಲ್ಲ, ಅಡ್ಡಹೆಸರಿಟ್ಟು ಕರೆಯುತ್ತಾರೆ, ನೀರು ಕುಡಿಯುವಲ್ಲೂ ಭೇದವಿದೆ ಎಂದು. ಪಿ.ಡಿ. ಸರ್ ಅದಕ್ಕೆ ತಾವೂ ಸಹಿ ಹಾಕಿದರಂತೆ. ಇಬ್ಬರು ಲೆಕ್ಚರರುಗಳ ಸಮಿತಿ ಮಾಡಿದರು. ಅವರು ನಮ್ಮ ಮನೆಯ ಮುಂದಿನ ಹಾಲಿನಲ್ಲಿ ಕೂತು ನನ್ನ ಹೆಸರಿನ ಲೋಟದಲ್ಲಿ ಕಾಫಿ ಕುಡಿದರು.

"ಮೇಡಮ್, ನೀವು ಓದಿದೋರು. ನಡೆದದ್ದು ನಾಲ್ಕು ಸಾಲು ಬರೆದುಕೊಡಿ ಸಾಕು. ದೂರು ನಿಜ ಅಂತಾದ್ರೆ ಹರ್ಷಿತಾ ಯೂನಿವರ್ಸಿಟಿ ಟೀಮಲ್ಲಿ ಇರೋದು ಕಷ್ಟ. ಯೋಚನೆ ಮಾಡಿ."

ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತಲಿಲ್ಲ. ಹರ್ಷಿತಾ ಕೋಣೆಯ ಪರದೆ ಹಿಡಿದು ನಿಂತಿದ್ದಳು. ಅವಳ ಕಾಲ್ಬೆರಳುಗಳು ಮಾತ್ರ ನನಗೆ ಕಾಣುತ್ತಿದ್ದವು. ನಾನು ಬರೆದೆ. "ಮೈದಾನದಿಂದ ಬಂದ ಎಲ್ಲ ಆಟಗಾರ್ತಿಯರಿಗೂ ನಮ್ಮ ಮನೆಯಲ್ಲಿ ಒಂದೇ ಬಗೆಯ ಪೇಪರ್ ಲೋಟದಲ್ಲಿ ನೀರು ಕೊಡಲಾಗಿದೆ. ಯಾರಿಗೂ ಬೇರೆ ಲೋಟ ಕೊಟ್ಟಿರುವುದಿಲ್ಲ." ಒಂದು ಸುಳ್ಳೂ ಇರಲಿಲ್ಲ. ಕಾನ್ವೆಂಟಿನಲ್ಲಿ ಎರಡು ಗೆರೆ ಪುಸ್ತಕದಲ್ಲಿ ತಿದ್ದಿಸಿದ ಅಕ್ಷರ. ಒಂದು ಕಾಟು ಹೊಡೆದಿರಲಿಲ್ಲ. ಸಮಿತಿಯವರು ಓದಿ, "ಅಕ್ಷರ ಮುತ್ತಿನ ಹಾಗಿದೆ," ಅಂದರು. ಭೇದಕ್ಕೆ ಆಧಾರವಿಲ್ಲ ಎಂದು ದೂರು ಮುಗಿಯಿತು. ಪತ್ರದ ಒಂದು ಪ್ರತಿ ದೂರು ಕೊಟ್ಟವಳಿಗೂ ಹೋಯಿತು.

ಸಂಕ್ರಾಂತಿಗೆ ಎರಡು ದಿನವಿತ್ತು. ನಾನು ಜಗಲಿಯಲ್ಲಿ ಕೊಬ್ಬರಿ ಹೆಚ್ಚುತ್ತಿದ್ದೆ. ಹಿತ್ತಲ ಗೇಟು ಸದ್ದಾಯಿತು. ಚೈತ್ರಾ. ತಂಡದ ಜರ್ಸಿಯನ್ನು ಮಡಿಸಿ ತಂದಿದ್ದಳು, ಇಸ್ತ್ರಿ ಮಾಡಿ.

"ಸರ್ ಸಿಗ್ಲಿಲ್ಲ. ಹರ್ಷಿತಾ ಕೈಲಿ ಕೊಟ್ಬಿಡಿ ಆಂಟಿ. ನಾನಿನ್ ಆಡಲ್ಲ."

"ಕೂತ್ಕೊಳಮ್ಮ."

"ನಿಮ್ ಲೆಟರ್ ಓದ್ದೆ. ಅಕ್ಷರ ತುಂಬಾ ಚೆನ್ನಾಗಿದೆ ನಿಮ್ದು." ಕೊಬ್ಬರಿ ಬಟ್ಟಲ ಕಡೆ ನೋಡಿದಳು. "ಒಂದ್ ಲೋಟ ನೀರ್ ಕೊಡ್ತೀರಾ?"

ಒಳಗೆ ಹೋದೆ. ಅತ್ತೆ ಹಾಲಿನಲ್ಲಿ ಕೂತಿದ್ದರು, ಅವರ ಕಣ್ಣು ನನ್ನ ಕೈಯ ಮೇಲಿತ್ತು. ನಾನು ಸ್ಟೀಲ್ ಲೋಟವನ್ನೇ ತೆಗೆದುಕೊಂಡೆ. ಅಂಚಿನವರೆಗೆ ನೀರು ತುಂಬಿಸಿ ತಂದೆ.

ಚೈತ್ರಾ ಲೋಟ ನೋಡಿದಳು. "ಪೇಪರ್ ಲೋಟ ಖಾಲಿ ಆಯ್ತಾ ಆಂಟಿ?"

ಲೋಟ ಅವಳ ಕೈಗಿಟ್ಟೆ. ಅವಳು ಲೋಟವನ್ನು ಮೇಲಕ್ಕೆತ್ತಿ, ತುಟಿಗೆ ತಾಕಿಸದೆ, ಗಂಟಲಿಗೆ ಸುರಿದುಕೊಂಡು ಕುಡಿದಳು. ಒಂದು ಹನಿ ಚೆಲ್ಲಲಿಲ್ಲ. ಆಮೇಲೆ ಹಿತ್ತಲ ನಲ್ಲಿಯಲ್ಲಿ ಲೋಟ ತೊಳೆದು, ಕಾಂಪೌಂಡ್ ಗೋಡೆಯ ಮೇಲೆ ಬೋರಲು ಹಾಕಿದಳು. ಅವಳ ಅಜ್ಜಿ ಯಾರದೋ ಮನೆಯ ಹಿತ್ತಲಲ್ಲಿ ಹೀಗೆ ಮಾಡಿದ್ದಿರಬಹುದು. ಇವಳಿಗೆ ಯಾರೂ ಹೇಳಿಕೊಟ್ಟಿರಲಿಕ್ಕಿಲ್ಲ. ಗೇಟು ಎಳೆದುಕೊಂಡು ಹೋದಳು.

ಸಂಕ್ರಾಂತಿ ಮುಗಿದ ಮೇಲೆ ನಾನು ಇನ್ನೊಂದು ಪತ್ರ ಬರೆದು ಪ್ರಿನ್ಸಿಪಾಲರ ಬಳಿಗೆ ಹೋದೆ. ಅವರು ಅದನ್ನು ಬಿಚ್ಚಲೂ ಇಲ್ಲ. "ಮುಗಿದ ವಿಷಯ ಮೇಡಮ್. ನಿಮ್ಮ ಮಗಳಿಗೇ ತೊಂದರೆ ಯಾಕೆ ಮಾಡ್ಕೊಳ್ತೀರಿ?" ನಾನು ಒತ್ತಾಯಿಸಬಹುದಿತ್ತು. ಪತ್ರವನ್ನು ಬ್ಯಾಗಿಗೆ ಹಾಕಿಕೊಂಡು ಮನೆಗೆ ಬಂದೆ. ಬೀರುವಿನಲ್ಲಿ ಸೀರೆಯ ಮಡಿಕೆಯೊಳಗೆ ಇಟ್ಟೆ. ಅದೇ ಬೀರುವಿನಲ್ಲಿ ಹರ್ಷಿತಾಳ ಯೂನಿವರ್ಸಿಟಿ ಜರ್ಸಿಯೂ ಇದೆ. ಈಗ ಅವಳು ಕ್ರೀಡಾ ಕೋಟಾದ ಸೀಟಿನಲ್ಲಿ ಎಂ.ಕಾಂ. ಓದುತ್ತಿದ್ದಾಳೆ.

ಇದೆಲ್ಲ ಹೋದ ವಾರ ಸ್ಪ್ರೇಯ ಘಾಟಿನ ಹಿಂದೆ ಬಂದು ನಿಂತಿತು. ಕಾಲು ಚಾಚಿ ಮಲಗಿದವಳಿಗೆ ತಪ್ಪಿಸಿಕೊಳ್ಳಲು ಒಲೆಯಿಲ್ಲ, ಕಸಬರಿಕೆಯಿಲ್ಲ. ಪಿ.ಡಿ. ಸರ್‌ಗೆ ಫೋನ್ ಮಾಡಿದೆ. ಚೈತ್ರಾ ದೇವನಹಳ್ಳಿ ಕಡೆಯ ಒಂದು ಪ್ರೈವೇಟ್ ಸ್ಕೂಲಿನಲ್ಲಿ ಮಕ್ಕಳಿಗೆ ಆಟ ಆಡಿಸುತ್ತಾಳಂತೆ. ತರಬೇತಿಯ ಸರ್ಟಿಫಿಕೇಟ್ ಇಲ್ಲವೆಂದು ಆಯಾ ಕೆಲಸವನ್ನೂ ಅವಳ ಕೈಲೇ ಮಾಡಿಸುತ್ತಾರಂತೆ.

"ಅವಳ ನಂಬರ್ ಕೊಡ್ತೀರಾ ಸಾರ್? ನಾನು ಮಾತಾಡ್ಬೇಕು."

"ಅವಳನ್ನ ಕೇಳಿ ಹೇಳ್ತೀನಕ್ಕ."

ಎರಡು ದಿನ ಬಿಟ್ಟು ಅವರದೇ ಫೋನ್ ಬಂತು. "ಮಾತಾಡೋದೇನೂ ಬೇಡ ಅಂದ್ಳು ಅಕ್ಕ." ನಾನು ಫೋನ್ ಇಡುವುದರಲ್ಲಿದ್ದೆ. "ಬರೆದು ಕೊಡ್ಲಿ ಅಂದ್ಳು. ಕಾಲೇಜಿಗೊಂದು, ಅವಳಿಗೊಂದು. ಟೈಪ್ ಮಾಡಿದ್ದು ಬೇಡವಂತೆ. ಅದೇ ಅಕ್ಷರದಲ್ಲಿ ಬೇಕಂತೆ."

ಬೀರುವಿನ ಪತ್ರ ತೆಗೆಸಿ ಓದಿದೆ. ಅದರಲ್ಲಿ "ಅರಿವಿಲ್ಲದೆ" ಎಂಬ ಮಾತು ಮೂರು ಕಡೆ ಇತ್ತು, ಹರ್ಷಿತಾಳ ಹೆಸರು ಒಂದು ಕಡೆಯೂ ಇರಲಿಲ್ಲ. ಹರಿದು ಹಾಕಿದೆ. ರಾತ್ರಿಯವರೆಗೆ ಕಾಯದೆ ಮಗಳಿಗೆ ಫೋನ್ ಮಾಡಿ ಹೇಳಿದೆ.

"ನನ್ ಹೆಸ್ರು ಹಾಕ್ತೀಯಾ?"

"ಹಾಕ್ಬೇಕಲ್ಲಮ್ಮ."

ಅವಳು ಹೂಂ ಅನ್ನಲಿಲ್ಲ, ಬೇಡವೂ ಅನ್ನಲಿಲ್ಲ. ಫೋನ್ ಇಟ್ಟಳು. ಆಮೇಲೆ ಮಾಡಿಲ್ಲ.

ಇವತ್ತು ಬೆಳಗ್ಗೆ ಜಗಲಿಗೆ ಕುರ್ಚಿ ಹಾಕಿಸಿಕೊಂಡು ಬರೆಯಲು ಕೂತೆ. ಅತ್ತೆ ಬಾಗಿಲಲ್ಲಿ ನಿಂತು, "ಏನ್ ಬರೀತಿದೀಯಮ್ಮ?" ಅಂದರು.

"ಲೋಟದ ವಿಷಯ ಅತ್ತೆ."

ಅವರು ಕಾಂಪೌಂಡ್ ಗೋಡೆಯ ಕಡೆ ನೋಡಿದರು. ಯಾವ ಲೋಟ ಎಂದು ಕೇಳಲಿಲ್ಲ. ಮೂರು ಮಳೆಗಾಲ ಅದನ್ನು ಯಾರೂ ಮುಟ್ಟಿಲ್ಲ. ಅತ್ತೆ ಮುಟ್ಟುವವರಲ್ಲ, ನನಗೆ ಮುಟ್ಟುವ ಮುಖವಿರಲಿಲ್ಲ. ಬೋರಲಾಗಿಯೇ ಇದೆ, ಕೊರೆದ ಹೆಸರಿನೊಳಗೆ ಪಾಚಿ ಕೂತು ನನ್ನ ಹೆಸರು ಹಸಿರಾಗಿ ಕಾಣುತ್ತದೆ. ಮೈದಾನದಲ್ಲಿ ಯಾರೋ "ಖೋ" ಅಂದರು. ನಾನು ತಲೆ ತಗ್ಗಿಸಿ ಮೊದಲ ಸಾಲು ಬರೆದೆ:

"ನಮ್ಮ ಮನೆಯಲ್ಲಿ ಹದಿನೆಂಟು ಸ್ಟೀಲ್ ಲೋಟಗಳಿವೆ. ಹದಿನೇಳು ಒಳಗಿವೆ, ಒಂದು ಹೊರಗಿದೆ."